ಸತ್ಯಾಂಶ: ದಿನಾಂಕ ದಾಟಿದ್ದೆಲ್ಲ ವಿಷವೇ?

ಪೊಟ್ಟಣದ ಮೇಲಿನ ದಿನಾಂಕ ದಾಟಿದ ಮರುದಿನವೇ ಒಳಗಿನ ಆಹಾರ ವಿಷವಾಗುತ್ತದೆ ಎಂಬ ಸಂದೇಶ ಕಾರವಾರ, ಕುಮಟಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಪರಿಮಳ, ಗರಿಗರಿತನಕ್ಕೆ ಹಾಕಿದ ಗಡುವು. ಅದು ಮೀರಿದ ಬಿಸ್ಕತ್ತು ಮೆತ್ತಗಾಗಿರಬಹುದು, ಅಷ್ಟೆ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದಿದ್ದರೆ ಮಾತ್ರ ಆ ದಿನದ ನಂತರ ಬಳಸಬಾರದು. 2020ರ ಲೇಬಲ್ ನಿಯಮಗಳು ಭಾರತದಲ್ಲಿ ಪೊಟ್ಟಣದ ಮೇಲೆ ಕಡ್ಡಾಯ ಮಾಡಿರುವುದೂ ಈ ಎರಡನೇ ಬಗೆಯ ದಿನಾಂಕವನ್ನೇ.

ಸಂದೇಶ ಹೇಳದಿರುವ ಮಾತು ಇನ್ನೂ ಮುಖ್ಯವಾದದ್ದು. ಈ ದಿನಾಂಕಗಳು ಒಡೆಯದ, ಸರಿಯಾಗಿ ಇಟ್ಟ ಪೊಟ್ಟಣಕ್ಕೆ ಮಾತ್ರ ಅನ್ವಯಿಸುತ್ತವೆ. ಕರಾವಳಿಯ ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ರವೆ ದಿನಾಂಕಕ್ಕೆ ಬಹಳ ಮೊದಲೇ ತೇವ ಹಿಡಿದು ಗಂಟುಕಟ್ಟಿ ಹುಳು ಬೀಳುತ್ತದೆ. ಹಸಿರು ಬೂಷ್ಟು ಹಿಡಿದ ಶೇಂಗಾವನ್ನು ಬಿಸಿಲಿಗೆ ಹರಡಿ, ಒರೆಸಿ, ಹುರಿದು ಬಳಸುವ ಮನೆಗಳಿವೆ. ಆದರೆ ಆ ಶಿಲೀಂಧ್ರ ಬಿಟ್ಟುಹೋಗಬಹುದಾದ ಅಫ್ಲಾಟಾಕ್ಸಿನ್ ಎಂಬ ವಿಷ ಮನೆಯ ಒಲೆಯ ಶಾಖಕ್ಕೆ ಪೂರ್ತಿ ನಾಶವಾಗುವಂಥದಲ್ಲ, ಆದ್ದರಿಂದ ದಿನಾಂಕ ಬಾಕಿಯಿದ್ದರೂ ಅದನ್ನು ಎಸೆಯಬೇಕು. ಮೂಗನ್ನು ನಂಬುವುದಕ್ಕೂ ಮಿತಿಯಿದೆ: ಮಂಜುಗಡ್ಡೆಯಿಲ್ಲದೆ ಹೊತ್ತು ಕಳೆದ ಬಂಗುಡೆಯಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ತರುವ ವಸ್ತು ಹೆಚ್ಚಿದ್ದರೂ ಕೆಟ್ಟ ವಾಸನೆ ಬಾರದಿರಬಹುದು, ಸಾರು ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ.