ನಿಂಬೆಹಣ್ಣಿನ ಮೇಲೆ ಹತ್ತದ ಪದ್ಮಿನಿ

ಬಳ್ಳಾರಿಯಲ್ಲಿ ಒಂದು ಕಾರು ಎಷ್ಟು ಕಾಲದಿಂದ ನಿಂತಲ್ಲೇ ನಿಂತಿದೆ ಎಂದು ತಿಳಿಯಲು ಅದರ ಒಡೆಯನನ್ನು ಕೇಳಬೇಕಾಗಿಲ್ಲ. ಬಾನೆಟ್ಟಿನ ಮೇಲೆ ಬೆರಳಾಡಿಸಿದರೆ ಸಾಕು. ಅದಿರು ಹೊತ್ತ ಲಾರಿಗಳು ಸಂಡೂರಿನ ಕಡೆಯಿಂದ ತಂದು ಹಂಚುವ ಕೆಂಧೂಳಿನಿಂದ ಬಿಳಿಯ ಕಾರು ಒಂದು ವಾರದಲ್ಲಿ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಇನ್ನಷ್ಟು ದಿನ ಬಿಟ್ಟರೆ ಬೀದಿಯ ಮಕ್ಕಳು ಅದರ ಮೇಲೆ ಅಕ್ಷರಾಭ್ಯಾಸ ಆರಂಭಿಸುತ್ತಾರೆ. ಕಳೆದ ದಸರೆಯ ಹೊತ್ತಿಗೆ ನಮ್ಮ ಪ್ರೀಮಿಯರ್ ಪದ್ಮಿನಿಯ ಮೇಲೆ ಹದಿಮೂರರ ಮಗ್ಗಿಯಿತ್ತು, ಮತ್ತು ಅದು ತಪ್ಪಾಗಿತ್ತು.

ಕಾರು ನನಗೆ ಮಾವನವರ ಕಡೆಯಿಂದ ಬಂದದ್ದು. ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದ ಈ ಬಂಡಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರಾಯಿತು. 1089 ಸಿಸಿ ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಮತ್ತು ತಣ್ಣಗಿರುವ ಎಂಜಿನ್ ಹೊತ್ತಿಸಲು ಎಳೆಯಬೇಕಾದ, ಇಂದಿನ ಚಾಲಕರು ಟವೆಲ್ ನೇತುಹಾಕುವ ಕೊಂಡಿಯೆಂದು ಭಾವಿಸುವ ಚೋಕ್ ಗುಂಡಿ. ನಮ್ಮದು ಎಂಬತ್ತರ ದಶಕದ್ದು. ವಾಹನವೊಂದು ವಿಂಟೇಜ್ ಎನಿಸಿಕೊಳ್ಳಬೇಕಾದರೆ ಐವತ್ತು ವರ್ಷ ದಾಟಿರಬೇಕೆಂದು 2021ರ ಕೇಂದ್ರ ನಿಯಮ ಹೇಳುವುದರಿಂದ, ಸದ್ಯಕ್ಕೆ ಅದು ಕಾನೂನಿನ ದೃಷ್ಟಿಯಲ್ಲಿ ಬರೀ ಹಳೆಯ ಕಾರು. ಗೌರವದ ಪದವಿಗೆ ಇನ್ನೂ ಕೆಲವು ವರ್ಷ ಕಾಯಬೇಕು. ಅಲ್ಲಿಯವರೆಗೆ ಅದನ್ನು ಚಾಲೂ ಸ್ಥಿತಿಯಲ್ಲಿಡುವುದು ನನ್ನ ಹೊಣೆ.

ಹಳೆಯ ಕಾರು ವಾರಗಟ್ಟಲೆ ನಿಂತ ಮೇಲೆ ಏಕೆ ಮುನಿಸಿಕೊಳ್ಳುತ್ತದೆ ಎಂಬುದರಲ್ಲಿ ರಹಸ್ಯವೇನೂ ಇಲ್ಲ. ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಕಾರ್ಬ್ಯುರೇಟರಿನ ಪುಟ್ಟ ಬಟ್ಟಲಿನಲ್ಲಿ ಉಳಿದ ಪೆಟ್ರೋಲಿಗೆ ಗಾಳಿಯ ಸಂಪರ್ಕವಿರುತ್ತದೆ. ನೆರಳಿನಲ್ಲೂ ಬೆವರಿಳಿಸುವ ಈ ಊರಿನಲ್ಲಿ ಅದು ಆವಿಯಾಗಿ ಹೋಗುತ್ತದೆ. ಹೋಗುವಾಗಲೂ ನ್ಯಾಯವಾಗಿ ಹೋಗುವುದಿಲ್ಲ; ಎಂಜಿನ್ ಹೊತ್ತಿಕೊಳ್ಳಲು ಅತ್ಯಗತ್ಯವಾದ ಹಗುರ ಅಂಶ ಮೊದಲು ಹಾರಿಹೋಗಿ, ಅಂಟಂಟಾದ ಭಾರದ ಅಂಶ ತಳದಲ್ಲಿ ಕೂರುತ್ತದೆ. ಟ್ಯಾಂಕಿನಲ್ಲಿ ಬೇಕಾದಷ್ಟು ಪೆಟ್ರೋಲ್ ಇದ್ದರೂ ಅದನ್ನು ಮುಂದಕ್ಕೆ ತರುವ ಪಂಪು ಎಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುತ್ತದೆ. ಅಂದರೆ, ಎಂಜಿನ್ ಓಡಲು ಪೆಟ್ರೋಲ್ ಬರಬೇಕು, ಪೆಟ್ರೋಲ್ ಬರಲು ಎಂಜಿನ್ ತಿರುಗಬೇಕು. ಈ ವ್ಯಾಜ್ಯದಲ್ಲಿ ಮಧ್ಯಸ್ಥಿಕೆ ವಹಿಸಬೇಕಾದ ಬ್ಯಾಟರಿಯೋ ಸುಮ್ಮನೆ ಕುಳಿತಲ್ಲೇ ಸೊರಗಿರುತ್ತದೆ, ಏಕೆಂದರೆ ಬಿಸಿಲು ಹೆಚ್ಚಿದಷ್ಟೂ ಅದರೊಳಗಿನ ಶಕ್ತಿ ಬೇಗ ಇಳಿಯುತ್ತದೆ. ಪೂರ್ತಿ ತುಂಬಿದಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ 12ರ ಕೆಳಗೆ ಬಂತೆಂದರೆ ಅದು ಹಾರ್ನ್ ಬಾರಿಸಲು ಯೋಗ್ಯವೇ ಹೊರತು ಎಂಜಿನ್ ತಿರುಗಿಸಲು ಅಲ್ಲ. ಇವೆಲ್ಲದರ ಮೇಲೆ ಈಗ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುತ್ತಾರೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರ್ ಕೊಳವೆಗಳನ್ನೂ ಪಂಪಿನೊಳಗಿನ ಪೊರೆಯನ್ನೂ ಕೆಡಿಸುತ್ತದೆ. ಕೆಲವು ಪಂಪುಗಳಿಗೆ ಕೈಯಿಂದ ಒತ್ತಿ ಪೆಟ್ರೋಲ್ ಏರಿಸುವ ಸಣ್ಣ ಸನ್ನೆಯೊಂದಿರುತ್ತದೆ. ನಮ್ಮ ಕಾರಿಗೆ ಹಿಂದೆ ಯಾರೋ ಅದಿಲ್ಲದ ಪಂಪನ್ನೇ ಹುಡುಕಿ ತಂದು ಜೋಡಿಸಿದ್ದಾರೆ.

ಮದ್ದು ಸರಳ. ಹಿಂದಿನ ರಾತ್ರಿ ಬ್ಯಾಟರಿಯನ್ನು ಚಾರ್ಜಿಗಿಡಬೇಕು, ಎಣ್ಣೆ ನೀರು ನೋಡಬೇಕು, ವೈರುಗಳ ನಡುವೆ ಇಲಿ ಸಂಸಾರ ಹೂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಏರ್ ಕ್ಲೀನರ್ ಬಿಚ್ಚಿ ಕಾರ್ಬ್ಯುರೇಟರಿನ ಬಾಯಿಗೆ ನಾಲ್ಕು ಹನಿ ಪೆಟ್ರೋಲ್ ಹಾಕಬೇಕು, ಚೋಕ್ ಎಳೆದು ಕೀ ತಿರುಗಿಸಬೇಕು. ಯಾವ ದಿನ ಬೇಕಾದರೂ ಮಾಡಬಹುದಾದ ಕೆಲಸ, ಒಂದು ದಿನವನ್ನು ಬಿಟ್ಟು. ಆ ದಿನ ಆಯುಧಪೂಜೆ.

ಈ ಹಬ್ಬದ ಏರ್ಪಾಡಿನಲ್ಲಿ ಒಂದು ವಿಚಿತ್ರವಿದೆ, ಅದನ್ನು ಹೊಸ ಕಾರಿನವರು ಎಂದೂ ಗಮನಿಸಿರಲಾರರು. ವರ್ಷದಲ್ಲಿ ಎಲ್ಲ ವಾಹನಗಳೂ ಕಡ್ಡಾಯವಾಗಿ ಚಾಲೂ ಆಗಿ ನಿಂಬೆಹಣ್ಣಿನ ಮೇಲೆ ಹತ್ತಲೇಬೇಕಾದ ದಿನವೂ ಅದೇ, ಊರಿನ ಸಮಸ್ತ ಪಾನಾ, ಸ್ಕ್ರೂಡ್ರೈವರ್, ಇಕ್ಕಳಗಳು ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಯಾರೂ ಮುಟ್ಟಬಾರದ ದೇವರಾಗಿ ಮಣೆಯ ಮೇಲೆ ಕುಳಿತಿರುವ ದಿನವೂ ಅದೇ. ಕೌಲ್ ಬಜಾರಿನಿಂದ ಹೊಸಪೇಟೆ ರಸ್ತೆಯವರೆಗೆ ಪ್ರತಿ ಗ್ಯಾರೇಜೂ ಬಾಳೆಕಂದು ಕಟ್ಟಿಕೊಂಡು ನಿಂತಿರುತ್ತದೆ. ಮೆಕ್ಯಾನಿಕ್ ಬಿಳಿ ಅಂಗಿ ಹಾಕಿರುತ್ತಾನೆ.

ಹಿಂದಿನ ರಾತ್ರಿ ಚಾರ್ಜಿಗಿಟ್ಟ ಬ್ಯಾಟರಿಗೆ ನಡುವೆ ಕರೆಂಟು ಕೈಕೊಟ್ಟಿತ್ತು. ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಮಾಲೆ, ವಿಭೂತಿ, ಚಕ್ರಕ್ಕೊಂದು ನಿಂಬೆಹಣ್ಣು ಎಲ್ಲವೂ ಆಗಿ, ಪುರೋಹಿತರು ಮಂಗಳಾರತಿ ಮುಗಿಸಿ, ಇನ್ನು ಹೊರಡಿಸಿ ಎಂದರು. ಎದುರು ಮನೆಯವರ ಹೊಸ ಕಾರು ಗುಂಡಿ ಒತ್ತಿದ ಕೂಡಲೇ ಸದ್ದಿಲ್ಲದೆ ಚಾಲೂ ಆಗಿ ತನ್ನ ಪಾಲಿನ ಹಣ್ಣುಗಳನ್ನು ಹಿಂಡಿ ಮುಗಿಸಿತ್ತು. ಪದ್ಮಿನಿ ಒಂದೆರಡು ಬಾರಿ ನಿಧಾನವಾಗಿ ನರಳಿ, ಆಮೇಲೆ ‘ಟಿಕ್’ ಎಂಬ ಒಂದೇ ಸದ್ದನ್ನು ಪುನರಾವರ್ತಿಸತೊಡಗಿತು. ಆ ‘ಟಿಕ್’ ಬಹಳ ಸಣ್ಣ ಸದ್ದು. ಆದರೆ ಬೀದಿಯ ಎಲ್ಲ ಗಂಡಸರಿಗೂ ಅದು ಹೇಗೋ ಕೇಳಿಸುತ್ತದೆ.

ಮೊದಲು ಬಂದವರು ಜೀನ್ಸ್ ಹೊಲಿಸುವ ಘಟಕ ನಡೆಸುವ ನೆರೆಯವರು. ಯಂತ್ರ ನಿಂತಿತೆಂದರೆ ಎಲ್ಲೋ ದಾರ ಸಿಕ್ಕಿಕೊಂಡಿದೆ ಎಂಬುದು ಅವರ ಜೀವನದ ಅನುಭವವಾದ್ದರಿಂದ, ಬಾನೆಟ್ ತೆರೆಸಿ ಒಂದೊಂದೇ ವೈರನ್ನು ಎಳೆದು ನೋಡಿದರು. ಗುಂತಕಲ್ ಮಾರ್ಗದಲ್ಲಿ ದುಡಿದು ನಿವೃತ್ತರಾದ ರೈಲ್ವೆಯವರೊಬ್ಬರು, ಎಂಜಿನ್ನಿಗೆ ಅವಸರ ಮಾಡಬಾರದು, ತಾನಾಗಿ ಬಿಸಿಯಾಗಲಿ ಎಂದು ಕುರ್ಚಿ ತರಿಸಿಕೊಂಡು ಕುಳಿತರು. ಕಾಲೇಜಿನ ಹುಡುಗನೊಬ್ಬ ಸ್ಕ್ಯಾನರ್ ಹಾಕಿದರೆ ದೋಷದ ಸಂಖ್ಯೆ ಬರುತ್ತದೆಂದ. ಅದನ್ನು ಸಿಕ್ಕಿಸುವ ಜಾಗವನ್ನು ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಹುಡುಕಿ, ಅಲ್ಲಿ ಮಾವನವರ ಕಾಲದ ನಶ್ಯದ ಡಬ್ಬಿಯನ್ನು ಪತ್ತೆ ಮಾಡಿದ. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ, ತಾನು ಬರಬಲ್ಲೆ, ಕೈ ಮಾತ್ರ ಹಾಕಲಾರೆ ಎಂದ. ಅವನ ಹಿಂಜರಿಕೆಯನ್ನು ನಾನು ದೂಷಿಸಲಾರೆ. ಹೈದರಾಲಿಯು ಫ್ರೆಂಚ್ ಎಂಜಿನಿಯರನಿಂದ ಇಲ್ಲಿಯ ಕೋಟೆಯನ್ನು ಬಲಪಡಿಸಿ, ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರವಿರುವುದು ಕಂಡು ಆ ಎಂಜಿನಿಯರನನ್ನೇ ನೇಣಿಗೇರಿಸಿದನೆಂದು ಕಥೆ ಹೇಳುವ ಊರಿದು. ಯಾವ ಕುಶಲಕರ್ಮಿಯೂ ಇಷ್ಟು ಜನ ಸೇರಿದ ಕಡೆ ಕೆಲಸ ಒಪ್ಪಿಕೊಳ್ಳಬಾರದು.

ಕಡೆಗೆ ಎಲ್ಲರೂ ಒಮ್ಮತಕ್ಕೆ ಬಂದದ್ದು ತಳ್ಳುವುದರಲ್ಲಿ. ತಳ್ಳುವುದೆಂದರೆ ನಮ್ಮ ಜನರಿಗೆ ಇರುವಷ್ಟು ಉತ್ಸಾಹ ಬೇರಾವ ಸಾರ್ವಜನಿಕ ಕಾರ್ಯದಲ್ಲೂ ಕಾಣುವುದಿಲ್ಲ; ಅದರಲ್ಲಿ ಯೋಚನೆಯ ಅಗತ್ಯವಿಲ್ಲ, ಫಲ ಬಂದರೆ ಕೀರ್ತಿ ಎಲ್ಲರಿಗೂ ಸಲ್ಲುತ್ತದೆ, ಬರದಿದ್ದರೆ ಅಪಕೀರ್ತಿ ಗೇರು ಹಾಕಿದವನಿಗೆ ಮಾತ್ರ. ಬಟ್ಟಲು ಬತ್ತಿದ ಕಾರ್ಬ್ಯುರೇಟರಿಗೂ ಪೂರ್ತಿ ಸತ್ತ ಬ್ಯಾಟರಿಗೂ ಇಷ್ಟು ತಳ್ಳಾಟದಿಂದ ಪ್ರಯೋಜನವಿಲ್ಲವೆಂದು ನಾನು ವಿವರಿಸುತ್ತಿರುವಾಗಲೇ ಹಿಂದೆ ಹತ್ತಾರು ಕೈಗಳು ಬಿದ್ದವು. ಕಾರು ಒಂದಿಂಚೂ ಕದಲಲಿಲ್ಲ. ಎಲ್ಲರೂ ಅಚ್ಚರಿಯಿಂದ ಕಾರನ್ನು ನೋಡಿದರು. ನಾನು ಸೋದರಳಿಯನನ್ನು ನೋಡಿದೆ. ಹಿಂದಿನ ಸಂಜೆ ಅವನು ಭಕ್ತಿಯಿಂದ ಕಾರು ತೊಳೆದು, ಚಕ್ರದೊಳಗೆಲ್ಲ ಪೈಪಿನಿಂದ ನೀರು ಹಾಯಿಸಿ, ಅಷ್ಟೇ ಭಕ್ತಿಯಿಂದ ಹ್ಯಾಂಡ್‌ಬ್ರೇಕನ್ನು ಕೊನೆಯ ಹಲ್ಲಿನವರೆಗೆ ಎಳೆದಿಟ್ಟಿದ್ದ. ಒದ್ದೆಯಾದ ಬ್ರೇಕ್ ಶೂಗಳು ರಾತ್ರಿ ಕಳೆಯುವುದರೊಳಗೆ ತುಕ್ಕಿನಿಂದ ಡ್ರಮ್ಮಿಗೆ ಕಚ್ಚಿಕೊಂಡಿದ್ದವು. ಈಗ ಹ್ಯಾಂಡ್‌ಬ್ರೇಕ್ ಇಳಿಸಿದರೂ ಅವು ಬಿಡುವಂತಿರಲಿಲ್ಲ.

ಹಬ್ಬಕ್ಕೆಂದು ಸಿರುಗುಪ್ಪದಿಂದ ಬಂದಿದ್ದ ದೊಡ್ಡಪ್ಪ ಅಲ್ಲಿಯವರೆಗೆ ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಕಾಲುವೆಯ ಪಕ್ಕ ಭತ್ತ ಬೆಳೆಯುವ ಅವರಿಗೆ ಕಾರಿನ ವಿಷಯದಲ್ಲಿ ಆಸಕ್ತಿಯಿಲ್ಲ, ಪಂಪ್‌ಸೆಟ್ಟಿನ ವಿಷಯದಲ್ಲಿ ಮಾತ್ರ ಅಭಿಪ್ರಾಯಗಳಿವೆ. “ಫುಟ್‌ವಾಲ್ ಸೋರಿ ಪೈಪು ಖಾಲಿ ಆದ್ರ ಮೋಟ್ರು ಎಷ್ಟೊತ್ತು ತಿರುಗಿದ್ರೇನು, ನೀರು ಬರ್ತೈತೇನು? ಮೊದ್ಲು ಮ್ಯಾಲಿಂದ ಒಂದು ಕೊಡ ಕುಡಿಸ್ಬೇಕು. ಇದಕ್ಕೂ ಅಷ್ಟೇ, ಒಂದೀಟು ಕುಡಿಸ್ರಿ” ಎಂದರು. ಬೆಳಗಿನಿಂದ ನಾನು ಹೇಳುತ್ತಿದ್ದದ್ದೂ ಇದನ್ನೇ. ನನ್ನ ಬಾಯಿಯಲ್ಲಿ ಸಿದ್ಧಾಂತವಾಗಿದ್ದದ್ದು ಅವರ ಬಾಯಿಯಲ್ಲಿ ಅನುಭವವಾಯಿತು, ಎಲ್ಲರೂ ತಲೆದೂಗಿದರು.

ಏರ್ ಕ್ಲೀನರ್ ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು. ಅದು ದೇವರ ಕೋಣೆಯಲ್ಲಿ ಹೂ ಮುಡಿದು ಕುಳಿತಿತ್ತು, ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಿದ್ದಳು. ದೊಡ್ಡಪ್ಪ ಸೊಂಟದ ಚೀಲದಿಂದ ನಾಣ್ಯವೊಂದನ್ನು ತೆಗೆದು ಸ್ಕ್ರೂವಿನ ಗೀರಿಗೆ ಸಿಕ್ಕಿಸಿ ತಿರುಗಿಸಿದರು. ನಾಣ್ಯ ಆಯುಧವಲ್ಲವೆಂದು ಪುರೋಹಿತರು ಅನುಮೋದಿಸಿದರು. ಇನ್ನೂ ಅನೇಕ ವಾಹನಗಳು ಕಾಯುತ್ತಿದ್ದುದರಿಂದ ಅವರು ಆ ಹೊತ್ತಿಗೆ ಏನನ್ನು ಬೇಕಾದರೂ ಅನುಮೋದಿಸುವ ಮನಃಸ್ಥಿತಿಯಲ್ಲಿದ್ದರು. ಪೆಟ್ರೋಲ್ ಬಾಟಲಿ ಹೊರಬಂದದ್ದನ್ನು ಕಂಡು ಮಂಗಳಾರತಿ ತಟ್ಟೆಯನ್ನೂ ಊದಿನಕಡ್ಡಿಯನ್ನೂ ರಸ್ತೆಯ ಆಚೆಗೆ ಸಾಗಿಸಿದೆ. ಇಡೀ ಬೆಳಗಿನಲ್ಲಿ ನನ್ನ ಮಾತು ತಕ್ಷಣ ನಡೆದದ್ದು ಅದೊಂದು ಬಾರಿ.

ಬ್ಯಾಟರಿಗೆ ಆಸರೆ ಬೇಕಿತ್ತು. ಎದುರು ಮನೆಯವರು ಪೂಜೆಯಾದ ಹೊಸ ಕಾರಿನಿಂದ ಕರೆಂಟು ಕೊಟ್ಟರೆ ಅದರ ಅದೃಷ್ಟವೂ ಇತ್ತ ಹರಿದುಬಂದೀತೇ ಎಂದು ಸ್ವಲ್ಪ ಯೋಚಿಸಿದರು. ಆದರೂ ಸಜ್ಜನರು, ಕಾರನ್ನು ಪಕ್ಕಕ್ಕೆ ತಂದರು. ಕೆಂಪು ತಂತಿ ಕೆಂಪಿಗೆ, ಕರಿಯ ತಂತಿಯ ಒಂದು ತುದಿ ಅವರ ಬ್ಯಾಟರಿಗೆ, ಇನ್ನೊಂದು ತುದಿ ಕಟ್ಟಕಡೆಗೆ ನಮ್ಮ ಎಂಜಿನ್ನಿನ ಬರಿಯ ಲೋಹಕ್ಕೆ. ಚೋಕ್ ಎಳೆದು ಕೀ ತಿರುಗಿಸಿದೆ. ಪದ್ಮಿನಿ ಕೆಮ್ಮಿತು, ಸೀನಿತು, ಹಿಂದಿನಿಂದ ಕಪ್ಪು ಹೊಗೆಯನ್ನು ನೇರವಾಗಿ ರೈಲ್ವೆಯವರ ಕುರ್ಚಿಯ ಕಡೆಗೆ ಬಿಟ್ಟಿತು, ಮತ್ತು ನಿಲ್ಲದೆ ಓಡತೊಡಗಿತು. ಹೊಗೆಯೊಳಗಿನಿಂದ, ತಾನು ಮೊದಲೇ ಹೇಳಿದ್ದೆ, ಬಿಸಿಯಾಗಬೇಕಿತ್ತು ಎಂಬ ಧ್ವನಿ ಕೇಳಿಸಿತು.

ಕಚ್ಚಿಕೊಂಡ ಬ್ರೇಕು ಇನ್ನೂ ಬಾಕಿಯಿತ್ತು. ಸುತ್ತಿಗೆಯೂ ಪೂಜೆಯಲ್ಲಿದ್ದರಿಂದ ಡ್ರಮ್ಮನ್ನು ಕಲ್ಲಿನಿಂದಲೇ ಮೆಲ್ಲಗೆ ಬಡಿದೆವು. ಬಳ್ಳಾರಿಯಲ್ಲಿ ಕಲ್ಲಿಗೆ ಬರವಿಲ್ಲ. ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಗೇರು ಹಾಕಿ ತುಯ್ದಾಡಿಸುವಾಗ ಎಲ್ಲೋ ‘ಟಪ್’ ಎಂದಿತು, ಕಾರು ಮುಂದಕ್ಕೆ ಜಿಗಿಯಿತು. ಮುಂಚಕ್ರದ ಹಣ್ಣುಗಳು ಶಾಸ್ತ್ರೋಕ್ತವಾಗಿ ಒಡೆದವು. ಹಿಂಚಕ್ರದವುಗಳಲ್ಲಿ ಒಂದು ಚರಂಡಿಗೆ ಉರುಳಿತ್ತು, ಇನ್ನೊಂದನ್ನು ಜೀನ್ಸ್‌ನವರು ಆಗಲೇ ಶರಬತ್ತಿಗೆ ಹಿಂಡಿಕೊಂಡಿದ್ದರು.

ಚಾಲೂ ಆದ ಎಂಜಿನ್ನನ್ನು ಬ್ಯಾಟರಿ ಚೇತರಿಸಿಕೊಳ್ಳುವವರೆಗೆ ನಿಲ್ಲಿಸಬಾರದು. ದೊಡ್ಡಪ್ಪ ಇದನ್ನು ನನಗಿಂತ ಗಂಭೀರವಾಗಿ ತೆಗೆದುಕೊಂಡರು. ಅವರನ್ನು ಊರಿನ ಬಸ್ಸು ಹತ್ತಿಸಲು ಹೊರಟವನು, ಅವರ ಅಪೇಕ್ಷೆಯಂತೆ ದಾರಿಯಲ್ಲಿ ಒಗ್ಗರಣೆ ಮಿರ್ಚಿಯ ಗಾಡಿಯೊಂದರ ಮುಂದೆ ನಿಲ್ಲಿಸಿದೆ. ಅವರು ಇಳಿಯಲಿಲ್ಲ, ನನಗೂ ಇಳಿಯಲು ಬಿಡಲಿಲ್ಲ, ತಟ್ಟೆಗಳನ್ನು ಕಿಟಕಿಗೇ ತರಿಸಿದರು. ಹೊಗೆಯಿಂದ ಗಿರಾಕಿಗಳು ದೂರ ಸರಿಯುತ್ತಿರುವುದನ್ನು ಕಂಡ ಮಿರ್ಚಿಯವನು ಬಂದು, “ಗಾಡಿ ಬಂದ್ ಮಾಡ್ರಿ ಯಜಮಾನ್ರೆ” ಎಂದ. “ಮಾಡ್ತೀನಪ್ಪ. ಆಮೇಲೆ ನೀನೇ ತಳ್ಬೇಕು” ಎಂದರು ದೊಡ್ಡಪ್ಪ. ಅವನು ಕಾರನ್ನು ಮುಂದಿನಿಂದ ಹಿಂದಿನವರೆಗೆ ಒಮ್ಮೆ ನೋಡಿದ; ಉಳಿದ ಗಿರಾಕಿಗಳನ್ನು ಬಿಟ್ಟು, ನಮ್ಮ ಎರಡನೆಯ ತಟ್ಟೆಯ ಮಿರ್ಚಿಯನ್ನು ಮೊದಲು ಕಾಗದದಲ್ಲಿ ಕಟ್ಟಿಕೊಟ್ಟು, ಚಿಲ್ಲರೆಯನ್ನು ಆಮೇಲೆ ಕೊಟ್ಟರಾಯಿತು ಹೋಗಿಬನ್ನಿ ಎಂದ.