ಸ್ಪಷ್ಟನೆ: ಗೊಂಬೆಯ ಮೇಲಿನ ತರಬೇತಿ ರೋಗಿಯ ಬಳಿಯ ಕಲಿಕೆಗೆ ಬದಲಿಯಲ್ಲ

‘ಈಗಿನ ಕಿರಿಯ ವೈದ್ಯರು ರೋಗಿಯನ್ನೇ ಮುಟ್ಟದೆ, ಬರೀ ಗೊಂಬೆಯ ಮೇಲೆ ಕಲಿತು ತುರ್ತು ವಿಭಾಗಕ್ಕೆ ಬರುತ್ತಾರೆ’ ಎಂಬ ಸಂದೇಶ ಕಾರವಾರ, ಅಂಕೋಲಾ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ. ಎಂಬಿಬಿಎಸ್ ಪರೀಕ್ಷೆ ಮುಗಿಸಿದವರು ಹಿರಿಯರ ಮೇಲ್ವಿಚಾರಣೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಅಂದರೆ ಆಸ್ಪತ್ರೆಯಲ್ಲಿ ರೋಗಿಗಳ ನಡುವೆಯೇ ನಡೆಯುವ ತರಬೇತಿ, ಮಾಡುವುದು ಕಡ್ಡಾಯ. ಮನುಷ್ಯಾಕಾರದ ಗೊಂಬೆಯ ಮೇಲಿನ ತರಬೇತಿ ಅದಕ್ಕೆ ಪೂರಕವಷ್ಟೆ.

ಹೃದಯ ಸ್ತಬ್ಧವಾದ ವಯಸ್ಕರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು; ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಇದು ಪುಸ್ತಕ ಓದಿದರೆ ಕೈಗೆ ಹತ್ತುವ ವಿದ್ಯೆಯಲ್ಲ, ಆರೋಗ್ಯವಂತರ ಎದೆಯ ಮೇಲೆ ಅಭ್ಯಾಸ ಮಾಡುವಂತೆಯೂ ಇಲ್ಲ. 1960ರಲ್ಲಿ ನಾರ್ವೆಯಲ್ಲಿ ‘ರೆಸಸಿ ಆ್ಯನ್’ ಗೊಂಬೆ ತಯಾರಾದದ್ದು ಇಂಥ ಅಭ್ಯಾಸಕ್ಕಾಗಿಯೇ. ಸಾಕಷ್ಟು ಆಳಕ್ಕೆ ಒತ್ತಿದಾಗ ಕೆಲವು ಗೊಂಬೆಗಳು ‘ಟಿಕ್’ ಎನ್ನುತ್ತವೆ. ಎರಡು ನಿಮಿಷವಾಗುವಷ್ಟರಲ್ಲಿ ತೋಳು ಸೋತು ಆ ಸದ್ದು ತಪ್ಪತೊಡಗುತ್ತದೆ, ಆಗ ಇನ್ನೊಬ್ಬರು ತಡಮಾಡದೆ ಆ ಜಾಗಕ್ಕೆ ಬರಬೇಕು.

ಗೊಂಬೆಗೆ ಮಿತಿಯಿದೆ, ನಿಜ. ಬಾಗಿಲಲ್ಲಿ ಅಳುತ್ತ ನಿಂತ ಮನೆಯವರೊಡನೆ ಮಾತಾಡುವುದನ್ನು ವಾರ್ಡಿನಲ್ಲೇ ಕಲಿಯಬೇಕು. ಆದರೆ ತಂಡದ ಮುಖ್ಯಸ್ಥರು ‘ಅಡ್ರಿನಾಲಿನ್ 1 ಮಿಲಿಗ್ರಾಂ ಕೊಡಿ’ ಎಂದಾಗ, ಆ ಔಷಧ ಕೊಟ್ಟವರು ‘1 ಮಿಲಿಗ್ರಾಂ ಕೊಟ್ಟೆ’ ಎಂದು ಗಟ್ಟಿಯಾಗಿ ಹೇಳುವ ರೂಢಿ ಈ ತರಬೇತಿಯಲ್ಲೇ ಮೈಗೂಡುತ್ತದೆ, ಗಡಿಬಿಡಿಯಲ್ಲಿ ಒಂದೇ ಔಷಧ ಎರಡು ಸಲ ಹೋಗುವ ಅಪಾಯ ಅದರಿಂದ ತಗ್ಗುತ್ತದೆ.