ಪಬ್ಬಿನ ಸ್ಟೂಲು

ಡಬ್ಲಿನ್ನಿನ ಪಬ್ಬಿನ ಸ್ಟೂಲಿನಲ್ಲಿ ಸುಖವೆಂದು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬೆನ್ನಿಗೆ ಆಸರೆಯಿಲ್ಲ, ಕಾಲು ನೆಲಕ್ಕೆ ಎಟುಕುವುದಿಲ್ಲ, ಕೌಂಟರಿನ ಬುಡದಲ್ಲಿರುವ ಹಿತ್ತಾಳೆಯ ಸರಳಿನ ಮೇಲೆ ಪಾದ ಊರಿಕೊಂಡು ಕೂರಬೇಕು. ನಾನು ವಾಡಿಕೆಯಾಗಿ ಕೂರುವ ಸ್ಟೂಲಿನ ಹೊದಿಕೆಯಂತೂ ಅಂಚಿನಲ್ಲಿ ಹರಿದು ಒಳಗಿನ ಹಳದಿ ಸ್ಪಂಜು ಇಣುಕುತ್ತದೆ. ಪೆನಾಲ್ಟಿಯ ಹೊತ್ತಿನಲ್ಲಿ ಯಾರು ಯಾರೋ ಅದನ್ನು ಚಿವುಟಿ ಚಿವುಟಿ ಅಲ್ಲೊಂದು ಗುಳಿಯೇ ಬಿದ್ದಿದೆ. ಇಂಥ ಆಸನದ ಮೇಲೆ ಕುಳಿತ ಮನುಷ್ಯ ಶನಿವಾರ ಮಧ್ಯಾಹ್ನದಿಂದ ದೀಪ ಹಚ್ಚುವವರೆಗೆ ಟಿವಿಯಿಂದ ಕಣ್ಣು ಕೀಳದೆ ಲಿವರ್‌ಪೂಲ್ ತಂಡದ ಆಟವನ್ನೋ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಆಟವನ್ನೋ ನೋಡಿ, ಕೊನೆಗೆ "ನಾವು ಗೆದ್ದೆವು" ಎಂದು ಉಸಿರು ಬಿಡುತ್ತಾನೆ. ಆ 'ನಾವು' ಇರುವುದು ಐರಿಷ್ ಸಮುದ್ರದ ಆಚೆ, ಇಂಗ್ಲೆಂಡಿನ ದಡದಲ್ಲಿ. ತನ್ನೂರಿನ ತಂಡದ ಅಂಗಣಕ್ಕೆ ಕಾಲಿಡದ ಇಂಥವನಿಗೆ ಇಲ್ಲಿ 'ಬಾರ್‌ಸ್ಟೂಲರ್' ಎಂದು ಹೆಸರಿಟ್ಟಿದ್ದಾರೆ. ಕೇಳಲು ಸೌಮ್ಯವಾಗಿದ್ದರೂ ಐರಿಷ್ ಫುಟ್ಬಾಲಿನಲ್ಲಿ ಅದು ಸಣ್ಣ ಬೈಗುಳವಲ್ಲ.

ಈ ಬೈಗುಳವನ್ನು ನನಗೆ ಕಲಿಸಿದವರು ಡಬ್ಲಿನ್ನಿನ ಫಿಬ್ಸ್‌ಬರೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿರುವ, ಎಪ್ಪತ್ತು ದಾಟಿದ ಹಿರಿಯರೊಬ್ಬರು. ಕಲಿಸಿದ್ದೂ ನನ್ನ ಮೇಲೆ ಪ್ರಯೋಗಿಸಿಯೇ. ಅವರು ಬೊಹೀಮಿಯನ್ಸ್ ಎಂಬ ಫುಟ್ಬಾಲ್ ಕ್ಲಬ್ಬಿನ ಸದಸ್ಯರು. 1890ರಲ್ಲಿ ಹುಟ್ಟಿದ ಆ ಕ್ಲಬ್ಬಿಗೆ ಧಣಿಗಳಿಲ್ಲ, ಸದಸ್ಯರೇ ಅದರ ಒಡೆಯರು. ಅದರ ಡೇಲಿಮೌಂಟ್ ಪಾರ್ಕಿಗೆ ಹೋಗುವ ದಾರಿಗಳೆಂದರೆ ಮನೆಗಳ ಹಿಂಬದಿಯ ಓಣಿಗಳು. ಒಣಹಾಕಿದ ಬಟ್ಟೆ, ಕಸದ ತೊಟ್ಟಿಗಳ ಪಕ್ಕದಲ್ಲೇ ನಡೆದು ಅಂಗಣ ಸೇರಬೇಕು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನು ಅಕ್ಷರಶಃ ನೋಡಿದ್ದು ಇಲ್ಲಿಯೇ. ಒಂದು ಕಾಲಕ್ಕೆ ನಲವತ್ತು ಸಾವಿರಕ್ಕೂ ಮಿಕ್ಕಿ ಜನ ನಿಂತು ನೋಡುತ್ತಿದ್ದ ಅಂಗಣದ ಮೆಟ್ಟಿಲುಗಳ ಒಂದು ಭಾಗದಲ್ಲಿ ಈಗ ಹುಲ್ಲು ಬೆಳೆದಿದೆ, ಅತ್ತ ಯಾರನ್ನೂ ಬಿಡುವುದಿಲ್ಲ. ನಗರಪಾಲಿಕೆ 2015ರಲ್ಲಿ ಇದನ್ನು ಕೊಂಡುಕೊಂಡ ಮೇಲೆ ಹೊಸದಾಗಿ ಕಟ್ಟುವ ಮಾತು ವರ್ಷ ವರ್ಷವೂ ಚಿಗುರುತ್ತಲೇ ಇದೆ.

ಐರ್ಲೆಂಡಿನ ಲೀಗ್ 2003ರಿಂದ ಚಳಿಗಾಲವನ್ನು ಬಿಟ್ಟು ಬೇಸಿಗೆಗೆ ಬಂದಿದೆ. ಪಂದ್ಯಗಳು ಹೆಚ್ಚಾಗಿ ಶುಕ್ರವಾರದ ಸಂಜೆಗಳಲ್ಲಿ. ಬೇಸಿಗೆ ಎಂದಾಕ್ಷಣ ನಮ್ಮವರು ಮೋಸಹೋಗಬಾರದು, ಜುಲೈನಲ್ಲೂ ನಾನು ಅಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡೇ ನಿಂತಿದ್ದೇನೆ. ವಿನೆಗರ್ ಸುರಿದ ಆಲೂ ಚಿಪ್ಸಿನ ಪೊಟ್ಟಣ ಮಳೆಗೆ ನೆನೆದು ಮೆತ್ತಗಾಗುವಾಗ, ಎದುರಾಳಿ ಗೋಲ್‌ಕೀಪರನ ಬೈಗುಳ ಕೈಗೆಟುಕುವಷ್ಟು ಹತ್ತಿರದಿಂದ ಕೇಳಿಸುವಾಗ, ಟಿವಿಯಲ್ಲಿ ಎಂದೂ ದಕ್ಕದ ಒಂದು ರುಚಿ ದಕ್ಕುತ್ತದೆಂಬುದನ್ನು ಒಪ್ಪಲೇಬೇಕು. ಈ ಲೀಗನ್ನು ಅಭಿಮಾನಿಗಳು 'ಜಗತ್ತಿನ ಅತಿ ಶ್ರೇಷ್ಠ ಲೀಗ್' ಎಂದು ಕರೆಯುವುದುಂಟು. ಅದರಲ್ಲಿ ಅರ್ಧ ಗೇಲಿ, ಇನ್ನರ್ಧ ಪ್ರೀತಿ. ಯಾವುದು ಎಲ್ಲಿ ಮುಗಿಯುತ್ತದೆಂದು ನನಗಿನ್ನೂ ಹತ್ತಿಲ್ಲ.

ಹಿರಿಯರ ವಾದ ಸರಳವಾದುದು. ಫುಟ್ಬಾಲ್ ಸಂಸ್ಥೆಯನ್ನು ವರ್ಷಗಟ್ಟಲೆ ಆಳಿದ ಜಾನ್ ಡೆಲೇನಿಯವರೇ ಈ ಲೀಗನ್ನು ಸಂಭಾಳಿಸಲಾಗದ ಕೂಸೆಂದು ಕರೆದಿದ್ದರು. ಕೂಸಿಗೆ ಹಾಲು ಕೊಡದವರು ಅದರ ರಚ್ಚೆಯ ಬಗ್ಗೆ ದೂರಬಾರದು ಎನ್ನುತ್ತಾರೆ ಇವರು. 2019ರಲ್ಲಿ ಆ ಆಡಳಿತದ ಲೆಕ್ಕಪತ್ರಗಳ ಗೋಜಲು ಹೊರಬಿದ್ದಾಗ ಜಾರ್ಜಿಯಾ ವಿರುದ್ಧದ ಪಂದ್ಯದ ನಡುವೆ ಅಭಿಮಾನಿಗಳು ಅಂಗಣಕ್ಕೆ ಟೆನಿಸ್ ಚೆಂಡುಗಳನ್ನು ಎರಚಿ ಪ್ರತಿಭಟಿಸಿದ್ದನ್ನು ಅವರು ಈಗಲೂ ಹಬ್ಬದಂತೆ ವರ್ಣಿಸುತ್ತಾರೆ. ಆದರೆ ಅವರ ನಿಜವಾದ ಸಿಟ್ಟು ಅಧಿಕಾರಿಗಳ ಮೇಲಲ್ಲ, ಸ್ಟೂಲಿನ ಮೇಲೆ.

ತಮಾಷೆಯೆಂದರೆ, ಫುಟ್ಬಾಲನ್ನು ಎಲ್ಲಿ ಕುಳಿತು ನೋಡಿದೆ ಎಂಬುದು ಈ ದೇಶದಲ್ಲಿ ಮೊದಲಿನಿಂದಲೂ ವಿಚಾರಣೆಗೆ ಒಳಗಾದ ಸಂಗತಿ. 1938ರಲ್ಲಿ ಮೊದಲ ರಾಷ್ಟ್ರಾಧ್ಯಕ್ಷ ಡಗ್ಲಸ್ ಹೈಡ್ ಇದೇ ಡೇಲಿಮೌಂಟಿನಲ್ಲಿ ಪೋಲೆಂಡ್ ವಿರುದ್ಧದ ಪಂದ್ಯ ನೋಡಿದರು. ಐರ್ಲೆಂಡಿನ ದೇಶೀ ಆಟಗಳ ಸಂಘವಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ನಿಗೆ ಫುಟ್ಬಾಲ್ ಆಗ ಪರಕೀಯರ ಆಟ. ಅದರ ಸದಸ್ಯರು ಅದನ್ನು ಆಡುವಂತಿರಲಿಲ್ಲ, ನೋಡುವಂತೆಯೂ ಇರಲಿಲ್ಲ. ಐರಿಷ್ ಭಾಷೆಯನ್ನು ಉಳಿಸಲು ಗೇಲಿಕ್ ಲೀಗನ್ನು ಕಟ್ಟಿದವರಲ್ಲಿ ಮೊದಲಿಗರಾದ ಆ ವೃದ್ಧರನ್ನೇ ಸಂಘವು ತನ್ನ ಪೋಷಕರ ಸ್ಥಾನದಿಂದ ಕಿತ್ತುಹಾಕಿತು. ಆ ನಿಷೇಧ ತೊಲಗಲು 1971 ಬರಬೇಕಾಯಿತು. ಅಂದು ಡೇಲಿಮೌಂಟಿನಲ್ಲಿ ಕುಳಿತರೆ ದೇಶದ್ರೋಹ, ಇಂದು ಕೂರದಿದ್ದರೆ ದ್ರೋಹ. ನಡುವಿನ ತಲೆಮಾರಿನವರು ಯಾವ ತಂಟೆಯೂ ಬೇಡವೆಂದು ಪಬ್ಬಿಗೆ ಹೋಗಿರಬಹುದೆಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ.

ಬೈಗುಳಕ್ಕೆ ನಾನು ಅರ್ಹನೇ. ಬೆಂಗಳೂರಿನಲ್ಲಿದ್ದಾಗ ಚರ್ಚ್ ಸ್ಟ್ರೀಟಿನಲ್ಲಿ ಕುಳಿತು ಆರ್ಸೆನಲ್ ಸೋತಿತೆಂದು ಊಟ ಬಿಟ್ಟಿದ್ದೇನೆ. ಅಲ್ಲಿಂದ ಕೂಗಳತೆಯಲ್ಲಿರುವ ಕಂಠೀರವದಲ್ಲಿ ನಮ್ಮೂರಿನ ಪಂದ್ಯ ನಡೆಯುತ್ತಿದ್ದರೆ ರಸ್ತೆಯಲ್ಲಿ ಟ್ರಾಫಿಕ್ ಹೆಚ್ಚಾಯಿತೆಂದು ಗೊಣಗಿದ್ದೇನೆ. ಆದರೆ ಈಗ ಸ್ಟೂಲಿನವರ ಪರವಾಗಿಯೂ ಒಂದು ಮಾತುಂಟು. 2025ರ ಫೆಬ್ರವರಿಯಲ್ಲಿ ಬೊಹೀಮಿಯನ್ಸ್ ತನ್ನ ಬದ್ಧವೈರಿ ಶ್ಯಾಮ್‌ರಾಕ್ ರೋವರ್ಸ್ ವಿರುದ್ಧದ ಪಂದ್ಯವನ್ನು ಡಬ್ಲಿನ್ನಿನ ದೊಡ್ಡ ಅಂಗಣವಾದ ಅವೀವಾ ಸ್ಟೇಡಿಯಮ್ಮಿಗೆ ಕೊಂಡೊಯ್ದಾಗ 33 ಸಾವಿರಕ್ಕೂ ಹೆಚ್ಚು ಜನ ಬಂದರು. ಡೇಲಿಮೌಂಟಿನಲ್ಲಿ ಅದರ ಕಾಲುಭಾಗಕ್ಕೂ ಜಾಗವಿಲ್ಲ, ಟಿಕೆಟ್ ಎಷ್ಟೋ ಸಲ ಮೊದಲೇ ಖಾಲಿಯಾಗುತ್ತದೆ. ಮನಸ್ಸು ತಿರುಗಿದ ಬಾರ್‌ಸ್ಟೂಲರ್ ಬಂದರೂ ಅವನನ್ನು ಎಲ್ಲಿ ನಿಲ್ಲಿಸುವುದು?

ಹುಡುಗರ ವಿಷಯದಲ್ಲಿ ಮಾತ್ರ ನಾನು ಪೂರ್ತಿಯಾಗಿ ಹಿರಿಯರ ಕಡೆ. ಹಿಂದೆ ಚೂಟಿಯಾದ ಹುಡುಗ ಹದಿನಾರು ತುಂಬುವಷ್ಟರಲ್ಲಿ ಇಂಗ್ಲೆಂಡಿನ ಕ್ಲಬ್ಬಿಗೆ ಹಾರುತ್ತಿದ್ದ, ಬಹುಪಾಲು ಹುಡುಗರು ಎರಡು ಮೂರು ವರ್ಷಗಳಲ್ಲಿ ಓದೂ ಇಲ್ಲದೆ ಆಟವೂ ಇಲ್ಲದೆ ಮರಳುತ್ತಿದ್ದರು. ಬ್ರೆಕ್ಸಿಟ್ ಆದ ಮೇಲೆ, 2021ರಿಂದ, ಹದಿನೆಂಟು ತುಂಬುವ ತನಕ ಅಲ್ಲಿಗೆ ಹೋಗುವಂತಿಲ್ಲ. ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ಸ್ ತಂಡದ ಹುಡುಗ ಮೇಸನ್ ಮೆಲಿಯಾ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿನೊಂದಿಗೆ ಲೀಗಿನ ದಾಖಲೆ ಮೊತ್ತಕ್ಕೆ ಒಪ್ಪಂದವಾದ ಮೇಲೂ 2025ರ ಋತುವನ್ನು ಇಲ್ಲೇ ಆಡಿ ಮುಗಿಸಬೇಕಾಯಿತು. ಪರರು ಸಾಕುತ್ತಿದ್ದ ಮಕ್ಕಳನ್ನು ಈಗ ಮನೆಯವರೇ ಸಾಕಬೇಕು. ಆದರೆ ಪೂರ್ಣಾವಧಿಯ ತರಬೇತುದಾರರಿಗೆ ಸಂಬಳ ಕೊಡಲು ಸಣ್ಣ ಕ್ಲಬ್ಬುಗಳ ಕೈಯಲ್ಲಿ ಹಣವಿಲ್ಲ, ಸರಕಾರದ ಬಾಗಿಲು ತಟ್ಟುವುದೇ ಕೆಲಸವಾಗಿದೆ.

2025ರ ನವೆಂಬರ್ 16ರ ಭಾನುವಾರ, ಬುಡಾಪೆಸ್ಟಿನಲ್ಲಿ ಹಂಗರಿ ವಿರುದ್ಧ ಐರ್ಲೆಂಡಿನ ಪಂದ್ಯ. ಅದಕ್ಕೆ ಮೂರು ದಿನ ಮೊದಲು ಪೋರ್ಚುಗಲ್ ತಂಡವನ್ನು 2-0ರಿಂದ ಕೆಡವಿದ್ದರಿಂದ ವಿಶ್ವಕಪ್ಪಿನ ಆಸೆಯೊಂದು ಉಳಿದಿತ್ತು, ಆದರೆ ಗೆಲ್ಲಲೇಬೇಕಿತ್ತು. ಹಿರಿಯರು ಮೊದಲ ಬಾರಿಗೆ ನನ್ನೊಡನೆ ಪಬ್ಬಿಗೆ ಬಂದರು. ನಾನು ತೋರಿಸಿದ ಸ್ಟೂಲನ್ನು ಒಮ್ಮೆ ನೋಡಿ, ಕಳಚಿದ ಕೋಟನ್ನು ಅದರ ಮೇಲಿಟ್ಟು, ಕೌಂಟರಿಗೆ ಮೊಣಕೈ ಊರಿ ನಿಂತರು. ವಿರಾಮದ ಹೊತ್ತಿಗೆ 1-2. ಎಂಬತ್ತನೆಯ ನಿಮಿಷದಲ್ಲಿ ಟ್ರಾಯ್ ಪ್ಯಾರಟ್ ಸಮ ಮಾಡಿದ, ತೊಂಬತ್ತಾರನೆಯ ನಿಮಿಷದಲ್ಲಿ ತನ್ನ ಮೂರನೆಯ ಗೋಲು ಹೊಡೆದ. ಪ್ಯಾರಟ್ ನಡು ಡಬ್ಲಿನ್ನಿನ ಉತ್ತರ ಭಾಗದ ಹುಡುಗ, ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಇಂಗ್ಲೆಂಡಿಗೆ ಹೋದವನು. ಆ ವಾದವನ್ನು ಎತ್ತಲು ಅಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಸ್ಟೂಲುಗಳು ಉರುಳಿದವು, ಬಿಯರ್ ಗೋಡೆಗೆ ಚಿಮ್ಮಿತು, ಲಿವರ್‌ಪೂಲಿನ ಅಂಗಿ ತೊಟ್ಟ ಯಾರೋ ಒಬ್ಬನು ಹಿರಿಯರನ್ನು ಅಪ್ಪಿ ಎತ್ತಿಬಿಟ್ಟ. ಗದ್ದಲ ತಣಿದಾಗ ನೋಡಿದರೆ, ಇಡೀ ಪಬ್ಬಿನಲ್ಲಿ ನೆಟ್ಟಗೆ ನಿಂತಿದ್ದ ಸ್ಟೂಲು ಒಂದೇ, ಅದರ ಮೇಲೆ ಅವರ ಕೋಟು ಮಡಿಕೆ ಕೆಡದೆ ಕೂತಿತ್ತು.